ನಾಳೆ ಇರದ ಮರ

ಏಪ್ರಿಲ್ ಮೂರನೇ ವಾರ ಬಂತೆಂದರೆ ನಮ್ಮೂರಲ್ಲಿ ಮಧ್ಯಾಹ್ನ ಬೆಳಿಗ್ಗೆ ಹನ್ನೊಂದಕ್ಕೇ ಶುರುವಾಗುತ್ತದೆ. ಬಟ್ಟೆ ಅಂಗಡಿಯವರು ಷಟರ್ ಅರ್ಧಕ್ಕೆ ಇಳಿಸಿ ಒಳಗೆ ತಣ್ಣನೆ ನೆಲಕ್ಕೆ ಮೈ ಚೆಲ್ಲುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಕಲ್ಲಂಗಡಿ ಮಾರುವವನು ಹಣ್ಣಿಗೊಂದು ಒದ್ದೆ ಬಟ್ಟೆ ಹೊದಿಸಿ, ತನ್ನ ತಲೆಗೂ ಒಂದು ಹಾಕಿಕೊಂಡು ಕೂತಿರುತ್ತಾನೆ. ನಮ್ಮ ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟಿದೆ. ಕಾಗೆ ಕಾಯಲು ಕೂರಿಸಿದ ಮೊಮ್ಮಗನ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮೊಬೈಲು. ಅವನು ಯಾವಾಗ ತಲೆ ಎತ್ತುತ್ತಾನೆ, ಯಾವಾಗ ಎತ್ತುವುದಿಲ್ಲ ಎಂಬುದು ಕಾಗೆಗಳಿಗೆ ಎರಡೇ ದಿನದಲ್ಲಿ ಅರ್ಥವಾಗಿದೆ.

ನನ್ನದು ಗೌರಿಬಿದನೂರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಜಗಳಕ್ಕೆ ಎರಡೂ. ಇಲ್ಲಿಂದ ಹಿಂದೂಪುರದ ಕಡೆ ಹೊರಟರೆ ಆಂಧ್ರದ ಗಡಿ ಮುಟ್ಟುವ ಮೊದಲು, ಉತ್ತರ ಪಿನಾಕಿನಿಯ ದಡದಲ್ಲಿ ವಿದುರಾಶ್ವತ್ಥ ಸಿಗುತ್ತದೆ. ಮಹಾಭಾರತದ ವಿದುರ ನೆಟ್ಟ ಅಶ್ವತ್ಥ ಅಲ್ಲಿತ್ತು ಎಂಬುದು ನಂಬಿಕೆ. ಮರದ ಸುತ್ತ ನಾಗರಕಲ್ಲುಗಳು. ನೂರು ಇನ್ನೂರಲ್ಲ, ಸಾವಿರಗಟ್ಟಲೆ. ಹೆಣೆದುಕೊಂಡ ಜೋಡಿ ಹಾವು, ಏಳು ಹೆಡೆಯದು, ನಡುವೆ ಬಾಲಕೃಷ್ಣನನ್ನು ಕೂರಿಸಿದ್ದು, ಮೂಗು ಕಣ್ಣು ಸವೆದು ಬರೀ ಹಲಗೆಯಂತಾದದ್ದು. ಮಕ್ಕಳಿಲ್ಲದವರು, ಸರ್ಪದೋಷಕ್ಕೆ ಹೆದರಿದವರು, ಹರಕೆ ಹೊತ್ತವರು ತಲೆತಲಾಂತರದಿಂದ ತಂದು ನಿಲ್ಲಿಸಿದವು. ಜಾಗ ಸಾಲದೆ ಒಂದರ ಬೆನ್ನಿಗೆ ಒಂದು ಆತುಕೊಂಡು ನಿಂತಿವೆ.

ಅದರಲ್ಲಿ ಒಂದು ಕಲ್ಲು ನಮ್ಮ ಮನೆಯದು. ಅಪ್ಪ ಹುಟ್ಟಬೇಕೆಂದು ಅಜ್ಜಿ ಇಡಿಸಿದ್ದು. ನಾನು ಚಿಕ್ಕವನಿದ್ದಾಗ ಬೇಸಿಗೆ ರಜೆಗೊಮ್ಮೆ ಅಲ್ಲಿಗೆ ಕರೆದೊಯ್ಯುತ್ತಿದ್ದಳು. ಹಿತ್ತಾಳೆ ಗಿಂಡಿಯಲ್ಲಿ ಹಾಲು, ಎಲೆಯಲ್ಲಿ ಅರಿಶಿನ ಕುಂಕುಮ, ನಮಗೆ ದಾರಿಗೆ ಚಿತ್ರಾನ್ನ. ಪ್ರತಿ ವರ್ಷವೂ ಅಜ್ಜಿ ಬೇರೆ ಬೇರೆ ಕಲ್ಲಿನ ಮುಂದೆ ನಿಲ್ಲುತ್ತಿದ್ದಳು. ಒಮ್ಮೆ ನಾನು ತಡೆದು, "ಅಜ್ಜಿ, ಹೋದ ವರ್ಷ ಇದಲ್ಲ, ಆ ಮೂಲೇದು" ಎಂದೆ. ಅವಳು ಆ ಮೂಲೆಯನ್ನೂ ನೋಡಿದಳು, ಈ ಕಲ್ಲನ್ನೂ ನೋಡಿದಳು. "ಯಾವುದಾದರೇನೋ, ಹಾಲು ಕೆಡೋದರೊಳಗೆ ಎರಿ" ಎಂದಳು. ಸೆಖೆಗೆ ಹಾಲು ಆಗಲೇ ಹುಳಿ ವಾಸನೆ ಹೊಡೆಯುತ್ತಿತ್ತು. ಎರೆದೆ.

ಆ ಮಾತು ಅಂದು ಉಡಾಫೆಯಂತೆ ಕೇಳಿಸಿತ್ತು. ಅದರಲ್ಲಿ ಒಂದು ತತ್ತ್ವವೇ ಇದ್ದಿರಬಹುದು ಎಂಬ ಗುಮಾನಿ ಅರವತ್ತು ದಾಟಿದ ಮೇಲೆ ಹುಟ್ಟಿದೆ.

ಗೀತೆಯ ಹದಿನೈದನೇ ಅಧ್ಯಾಯ ಬೇರು ಮೇಲೆ, ಕೊಂಬೆ ಕೆಳಗೆ ಇರುವ ಅಶ್ವತ್ಥದಿಂದ ಆರಂಭವಾಗುತ್ತದೆ. ಆ ಹೆಸರನ್ನು ಶಂಕರರು ಭಾಷ್ಯದಲ್ಲಿ ಬಿಡಿಸಿ ಹೇಳಿದ್ದಾರೆ. ಶ್ವಃ ಎಂದರೆ ನಾಳೆ. ನಾಳೆಯವರೆಗೂ ನಿಂತಿರುತ್ತದೆಂಬ ಖಾತರಿ ಇಲ್ಲದ್ದು ಅಶ್ವತ್ಥ. ಕುದುರೆ ಕಟ್ಟುವ ಮರವಾದ್ದರಿಂದ ಆ ಹೆಸರು ಎನ್ನುವವರೂ ಇದ್ದಾರೆ. ಇರಲಿ, ನನಗೆ ಶಂಕರರ ಅರ್ಥವೇ ಇಷ್ಟ. ಸೋಜಿಗವೆಂದರೆ ಅದೇ ಶ್ಲೋಕ ಅದೇ ಮರವನ್ನು ಅವ್ಯಯ ಎಂದೂ ಕರೆಯುತ್ತದೆ. ನಾಳೆಗೆ ಇರದು ಅನ್ನುವುದೂ ಅದನ್ನೇ, ಎಂದೂ ಮುಗಿಯದು ಅನ್ನುವುದೂ ಅದನ್ನೇ. ಒಂದೇ ಉಸಿರಿನಲ್ಲಿ ಹೀಗೆ ಎರಡು ಮಾತಾಡುವುದು ರಾಜಕಾರಣಿಗಳಿಗೆ ಸಲೀಸು. ಗೀತೆ ಯಾಕೆ ಆಡಿತು ಎಂಬುದು ನನಗೆ ಬಹಳ ದಿನ ಬಗೆಹರಿದಿರಲಿಲ್ಲ.

ವಿದುರಾಶ್ವತ್ಥದ ಆ ಹಳೆಯ ಮರ 2001ರಲ್ಲಿ ಬಿತ್ತು. ಸುದ್ದಿ ಕೇಳಿ ನಮ್ಮ ಬೀದಿಯ ಹೆಂಗಸರು ಮನೆಯ ಹಿರಿಯರು ಹೋದಂತೆ ಮಾತು ಬಿಟ್ಟು ಕೂತದ್ದು ನೆನಪಿದೆ. ಊರಿಗೆ ಕೇಡು ಅಂದರು, ಮಳೆ ಹೋಯಿತು ಅಂದರು. ಮಾರನೇ ವಾರದಿಂದ ಜನ ಮತ್ತೆ ಹೋಗತೊಡಗಿದರು. ಕಲ್ಲುಗಳು ಇದ್ದವಲ್ಲ. ಹಾಲು ಎರೆಯುವ ಕೈಗೆ ಮರ ಬಿದ್ದ ಸುದ್ದಿ ಇನ್ನೂ ತಲುಪಿರಲಿಲ್ಲವೋ ಏನೋ.

ಅಶ್ವತ್ಥದ ಹಣ್ಣನ್ನು ಎಂದಾದರೂ ಉಗುರಿನಿಂದ ಸೀಳಿ ನೋಡಿದ್ದೀರಾ? ಕಡಲೆಗಿಂತ ತುಸು ದೊಡ್ಡದು. ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳು ಎಂದು ಗಾದೆಯ ಧಾಟಿಯಲ್ಲಿ ನಾವು ಹಂಗಿಸುತ್ತೇವೆ. ಇದೂ ಅದೇ ಜಾತಿ. ಆ ಹುಳು ಒಂದು ಪುಟಾಣಿ ಕಣಜ. ಹೆಣ್ಣು ಕಣಜ ಕಾಯಿಯ ತುದಿಯ ಸೂಜಿಮೊನೆಯಷ್ಟು ಕಿಂಡಿಯಲ್ಲಿ ನುಗ್ಗುತ್ತದೆ. ನುಗ್ಗುವಾಗ ರೆಕ್ಕೆ ಹರಿದುಹೋಗುತ್ತದೆ, ಹಿಂದಿರುಗುವ ಮಾತಿಲ್ಲ. ಕಾಯಿಯ ಒಳಗೇ ಅರಳುವ ಹೂಗಳಿಗೆ ಪರಾಗ ಮುಟ್ಟಿಸಿ, ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತದೆ. ತಾನು ಹುಟ್ಟಿದ ಹಣ್ಣಿನಿಂದ ಹೊರಬಂದ ಮೇಲೆ ಅದರ ಆಯಸ್ಸು ಒಂದೆರಡು ದಿನ. ಈ ಕಣಜವಿಲ್ಲದಿದ್ದರೆ ಅಶ್ವತ್ಥಕ್ಕೆ ಬೀಜವಿಲ್ಲ. ಎಂದರೆ ನೂರಾರು ವರ್ಷ ಬಾಳುವ ಮರದ ವಂಶ ನಿಂತಿರುವುದು ನಾಡಿದ್ದನ್ನೇ ಕಾಣದ ಒಂದು ಜೀವದ ಮೇಲೆ. ಒಂದು ಕಣಜ ಸತ್ತರೆ ಮರಕ್ಕೆ ಏನೂ ಆಗುವುದಿಲ್ಲ. ಒಂದು ವರ್ಷ ಯಾವ ಕಣಜವೂ ಬರಲಿಲ್ಲವೆಂದರೆ ಆ ವರ್ಷದ ಹಣ್ಣಿನಲ್ಲಿ ಮರವಿಲ್ಲ.

ನನಗೆ ಶ್ಲೋಕ ಅರ್ಥವಾದದ್ದು ಅಲ್ಲಿ, ಹಣ್ಣಿನ ಒಳಗೆ. ಸಂಸ್ಕೃತ ಬಲ್ಲವರು ಒಪ್ಪದಿರಬಹುದು. ಅವ್ಯಯವಾದದ್ದು ಮರವಲ್ಲ, ಬರುವುದು, ನುಗ್ಗುವುದು, ಮುಟ್ಟಿಸುವುದು. ಯಾವ ಕಲ್ಲು ನಮ್ಮದೋ ಗೊತ್ತಿಲ್ಲದಿದ್ದರೂ ಹಾಲು ಕೆಡುವುದರೊಳಗೆ ಎರೆಯುವುದು.

ಅಜ್ಜಿ ಅಪ್ಪನ ವಯಸ್ಸನ್ನು ಇಸವಿಯಲ್ಲಿ ಹೇಳುತ್ತಿರಲಿಲ್ಲ. "ಗುಂಡು ಹಾರಿದ ಮಾರನೇ ವರ್ಷ ಹುಟ್ಟಿದ್ದು" ಅನ್ನುತ್ತಿದ್ದಳು. ಗುಂಡು ಹಾರಿದ್ದು 1938ರ ಏಪ್ರಿಲ್ 25ರಂದು. ಅದೇ ತಿಂಗಳು ಮದ್ದೂರಿನ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಮುಂದಾಳುತನದಲ್ಲಿ ನಿಷೇಧ ಮುರಿದು ಕಾಂಗ್ರೆಸ್ಸಿನ ಬಾವುಟ ಏರಿಸಿದ್ದರು. ಆ ಕಿಡಿ ಹಳೇ ಮೈಸೂರಿನ ಊರೂರಿಗೆ ಹಾರಿತು. ವಿದುರಾಶ್ವತ್ಥಕ್ಕೂ ಬಂತು. ಮೈಸೂರು ಸರ್ಕಾರ ಬಾವುಟಕ್ಕೂ ಸಭೆಗೂ ನಿಷೇಧ ಹಾಕಿತ್ತು. ಜಾತ್ರೆಯ ಕಾಲ, ಜನ ಸೇರಿದ್ದರು. ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು ಹತ್ತು ಮಂದಿ, ಜನರ ಬಾಯಲ್ಲಿ 32. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಹೆಸರಾಯಿತು. ಆಮೇಲೆ ವಲ್ಲಭಭಾಯಿ ಪಟೇಲರೂ ಕೃಪಲಾನಿಯವರೂ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತಾಯಿತು. ಮೈಸೂರಿನ ಬಾವುಟದ ಜೊತೆ ಕಾಂಗ್ರೆಸ್ಸಿನದನ್ನೂ ಹಾರಿಸಬಹುದು ಎಂಬಲ್ಲಿಗೆ ಒಪ್ಪಂದ ಬಂತು.

ಅಂದರೆ ಏಪ್ರಿಲ್‌ನಲ್ಲಿ ಜೀವ ತೆಗೆಯುವಷ್ಟು ದೊಡ್ಡ ಅಪರಾಧವಾಗಿದ್ದದ್ದು ಮೇ ತಿಂಗಳಿಗೆ ಅಪರಾಧವಾಗಿ ಉಳಿಯಲಿಲ್ಲ. ಸತ್ತವರು ಇನ್ನೊಂದು ತಿಂಗಳು ಮನೆಯಲ್ಲಿ ಕೂತಿದ್ದರೆ ಬದುಕುತ್ತಿದ್ದರಲ್ಲ ಎಂದು ಹುಡುಗನಾಗಿದ್ದಾಗ ಲೆಕ್ಕ ಹಾಕುತ್ತಿದ್ದೆ. ಅವರು ಕೂತಿದ್ದರೆ ಮೇ ತಿಂಗಳ ಆ ಒಪ್ಪಂದವೇ ಇರುತ್ತಿರಲಿಲ್ಲ ಎಂಬುದು ಆ ವಯಸ್ಸಿಗೆ ಹೊಳೆಯಲಿಲ್ಲ. ರಾಜಾಜ್ಞೆಯೂ ಅಶ್ವತ್ಥವೇ, ನಾಳೆಗೆ ಇರುವುದೆಂಬ ಖಾತರಿ ಇಲ್ಲ. ಅನಿತ್ಯದ ಈ ಮುಖವನ್ನು ನಮ್ಮ ವೇದಾಂತಿಗಳು ಅಷ್ಟಾಗಿ ಹೊಗಳುವುದಿಲ್ಲ ಎಂಬುದು ನನ್ನ ಸಣ್ಣ ತಕರಾರು. ಅವರಿಗೆ ಅನಿತ್ಯ ಎಂದರೆ ಯೌವನ, ಸಂಪತ್ತು, ಹೆಂಡತಿ ಮಕ್ಕಳು. ಹೊಡೆಯುವವನ ದರ್ಪವೂ ಅನಿತ್ಯ ಎಂದು ಗಟ್ಟಿಯಾಗಿ ಹೇಳಿದ್ದರೆ ಎಷ್ಟೋ ಜನಕ್ಕೆ ಧೈರ್ಯವಾಗುತ್ತಿತ್ತು.

ಕಾಂಗ್ರೆಸ್ಸಿನ ಆ ಬಾವುಟ ಚರಕದ ಗುರುತಿನ ಖಾದಿ. ಸ್ವಾತಂತ್ರ್ಯ ಬಂದ ಮೇಲೂ ಖಾದಿಯ ನಿಯಮ ಉಳಿಯಿತು, ಧಾರವಾಡದ ಗರಗದಲ್ಲಿ ಬಾವುಟದ ಬಟ್ಟೆ ನೇಯ್ದರು, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿದು ದೇಶಕ್ಕೆಲ್ಲ ಕಳಿಸಿದರು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದಿ ಪಾಲಿಯೆಸ್ಟರಿಗೂ ಮಿಲ್ಲಿನ ಬಟ್ಟೆಗೂ ಒಪ್ಪಿಗೆ ಕೊಟ್ಟರು. ಮರುವರ್ಷ ರಾತ್ರಿಯೂ ಇಳಿಸಬೇಕಿಲ್ಲ ಎಂದಾಯಿತು, ಆಗಸ್ಟಿನಲ್ಲಿ ಮನೆಮನೆಗೂ ಬಾವುಟ ಬಂತು. ನಮ್ಮ ಬೀದಿಯಲ್ಲಿ ಅವತ್ತು ಬಾವುಟವಿಲ್ಲದ ಮನೆ ಇರಲಿಲ್ಲ. ನಾನೂ ಕಟ್ಟಿದೆ, ಮನಸ್ಸು ಉಬ್ಬಿದ್ದು ಸುಳ್ಳಲ್ಲ. ಅಕ್ಟೋಬರಿನಲ್ಲಿ ಎದುರುಮನೆಯ ಗೇಟಿಗೆ ಸಿಕ್ಕಿಕೊಂಡ ಒಂದು ಮೂಲೆ ಚಿಂದಿಯಾಗಿ ಹಾರುತ್ತಿತ್ತು. ಕೇಸರಿ ಬಿಳಿಚಿಕೊಂಡಿತ್ತು, ಹಸಿರು ಹಾಗೇ ಇತ್ತು. ಯಾರೂ ಇಳಿಸಿರಲಿಲ್ಲ. ಆ ಮನೆಯ ಯಜಮಾನರಿಗೆ ದೇಶದ ಮೇಲೆ ಪ್ರೀತಿ ಕಡಿಮೆಯೇನಲ್ಲ, ಮಗ ಸೇನೆಯಲ್ಲಿದ್ದಾನೆ. ಇಳಿಸುವುದೂ ಕೆಲಸದ ಒಂದು ಭಾಗ ಎಂಬುದು ರೂಢಿಯಿಂದ ಬಿಟ್ಟುಹೋಗಿತ್ತು, ಅಷ್ಟೆ. ಹಿಂದೆ ಶಾಲೆಯಲ್ಲಿ ಬಾವುಟ ಏರಿಸುವ ಹುಡುಗನಿಗಿಂತ ಸಂಜೆ ಇಳಿಸಿ ಮಡಿಸುವ ಹುಡುಗನನ್ನು ಮೇಷ್ಟ್ರು ಹೆಚ್ಚು ಎಚ್ಚರದಿಂದ ಆರಿಸುತ್ತಿದ್ದರು. ನಾಲ್ಕು ಮಡಿಕೆ, ಚಕ್ರ ಮೇಲೆ ಬರಬೇಕು, ನೆಲಕ್ಕೆ ತಾಗಬಾರದು. ನನಗೆ ಒಮ್ಮೆಯೂ ಆ ಸರದಿ ಬರಲಿಲ್ಲ, ಅದು ಬೇರೆ ಮಾತು.

ನಾನೀಗ ಹೀಗೆ ಹೇಳುತ್ತಾ ಹೋದರೆ ಹಳೇ ಕಾಲವೇ ಚಿನ್ನ ಎಂಬ ಹಾಡಾಗುತ್ತದೆ. ಜಾರುವ ದಾರಿ ಅದು, ಕಾಲು ಊರಿ ನಡೆಯಬೇಕು. ಹಳೇ ಜಾತ್ರೆಯಲ್ಲಿ ಅರವಟ್ಟಿಗೆ ಇತ್ತು ನಿಜ, ಮಣ್ಣಿನ ಮಡಕೆಯ ನೀರು, ಮಜ್ಜಿಗೆ, ಪಾನಕ. ಆದರೆ ಆ ನೀರನ್ನು ಕೆಲವರ ಬೊಗಸೆಗೆ ಮೇಲಿನಿಂದ ಸುರಿಯುತ್ತಿದ್ದುದೂ ನಿಜ. ನಾನೇ ನೋಡಿದ್ದೇನೆ, ನೋಡಿ ಸುಮ್ಮನಿದ್ದೇನೆ. ಎಷ್ಟೋ ಊರಿನ ತೇರಿನ ಹಗ್ಗ ಎಲ್ಲರ ಕೈಗೂ ಸಿಗುತ್ತಿರಲಿಲ್ಲ. ಇವತ್ತಿನ ಅರವಟ್ಟಿಗೆಯಲ್ಲಿ ಇಪ್ಪತ್ತು ಲೀಟರಿನ ಕ್ಯಾನು, ಪ್ಲಾಸ್ಟಿಕ್ ಲೋಟ. ಪ್ಲಾಸ್ಟಿಕ್ಕನ್ನು ನಾನು ಮೆಚ್ಚುವುದಿಲ್ಲ. ಆದರೆ ಆ ನಲ್ಲಿ ತಿರುಗಿಸುವ ಕೈ ಯಾರದೆಂದು ಯಾರೂ ಕೇಳುವುದಿಲ್ಲ. ಮಡಕೆ ಹೋಯಿತೆಂದು ಅಳುವವನು ಮೇಲಿನಿಂದ ಸುರಿಯುವುದೂ ಹೋಯಿತಲ್ಲ ಎಂದು ನಗಲೂಬೇಕು.

ಹೋಗಬಾರದಿದ್ದದ್ದೂ ಹೋಗುತ್ತಿದೆ. ಅಜ್ಜಿ ಜಾತ್ರೆಯಿಂದ ಹಿಂದಿರುಗುವಾಗ ಬಳೆ ತೊಡಿಸುವ ಸಾಬರ ಮುಂದೆ ಕೂರದೆ ಬಸ್ ಹತ್ತುತ್ತಿರಲಿಲ್ಲ. ಕೈ ಹಿಸುಕಿ, ಮಣಿಕಟ್ಟಿನ ಮೂಳೆ ದಾಟಿಸಿ, ಒಂದೂ ಒಡೆಯದಂತೆ ಹನ್ನೆರಡು ಹಸಿರು ಗಾಜಿನ ಬಳೆ ಏರಿಸುತ್ತಿದ್ದರು. ತೊಡಿಸಿ ಮುಗಿದ ಮೇಲೆ ಅಜ್ಜಿ ಆ ಬಳೆಗೆ ನಮಸ್ಕಾರ ಮಾಡುತ್ತಿದ್ದಳು. ಮುತ್ತೈದೆತನದ ಸಂಕೇತ ಯಾರ ಕೈಯಿಂದ ಬಂತೆಂಬ ಪ್ರಶ್ನೆ ಅವಳಿಗೆ ಏಳಲೇ ಇಲ್ಲ. 2022ರ ಮಾರ್ಚಿನಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲ ಎಂಬ ಬ್ಯಾನರು ಕಟ್ಟಿದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಹಿಸುಕುವ ಬೆರಳುಗಳು. ಭಕ್ತಿ ಹೆಚ್ಚಾಗಿದೆ ಅನ್ನುತ್ತಾರೆ. ಗುಡಿಗಳ ಗೋಪುರ ಎತ್ತರವಾಗಿವೆ, ಮೈಕು ಜೋರಾಗಿದೆ, ಅದು ಕಾಣುತ್ತಿದೆ. ಅಜ್ಜಿಯ ಭಕ್ತಿಗಿಂತ ಅದು ಹೆಚ್ಚೆಂದು ನಾನು ಒಪ್ಪಲಾರೆ.

ನಂಬಿಕೆಯ ಮಾತು ಬಂದಾಗ ಇನ್ನೊಬ್ಬರನ್ನು ನೆನೆಯದಿದ್ದರೆ ತಾಲ್ಲೂಕಿಗೆ ಅನ್ಯಾಯ. ಎಚ್. ನರಸಿಂಹಯ್ಯನವರು ಹುಟ್ಟಿದ್ದು 1920ರಲ್ಲಿ ಇದೇ ತಾಲ್ಲೂಕಿನ ಹೊಸೂರಿನಲ್ಲಿ. ಭೌತಶಾಸ್ತ್ರದ ಮೇಷ್ಟ್ರು, ಕ್ವಿಟ್ ಇಂಡಿಯಾದಲ್ಲಿ ಜೈಲು ಕಂಡವರು, ಖಾದಿ ಜುಬ್ಬ ಗಾಂಧಿ ಟೋಪಿ ಕೊನೆಯವರೆಗೂ ಬಿಡದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಯಾವ ಪವಾಡವೂ ಆ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ನಾಗರಕಲ್ಲಿಗೆ ಹಾಲೆರೆಯುವ ಸೀಮೆಯಲ್ಲೇ ಅವರು ಹುಟ್ಟಿದರು. ಅವರನ್ನು ಅನುಮಾನಿಸಿದವರಿದ್ದರು, ಬೈದವರಿದ್ದರು. ಆದರೆ ಅವರ ದೇಶಪ್ರೇಮದ ಮೇಲೆ ಬೆರಳು ತೋರಿಸಲು ಯಾರಿಗೂ ಕೈ ಏಳಲಿಲ್ಲ. ದೇವರನ್ನು ಒಪ್ಪದವನೂ ದೇಶಭಕ್ತನಾಗಿರಬಹುದು ಎಂಬುದಕ್ಕೆ ಆಗ ವಾದ ಬೇಕಿರಲಿಲ್ಲ. ಕಣ್ಣೆದುರು ಒಬ್ಬ ಮನುಷ್ಯ ಟೋಪಿ ಹಾಕಿಕೊಂಡು ನಡೆದುಹೋಗುತ್ತಿದ್ದ.

ವಿಜ್ಞಾನದ ನೆಲೆಗಳು ಊರಾಚೆ ಇನ್ನೂ ಎರಡು ಇವೆ. 1965ರಿಂದ ಭೂಮಿಯ ನಡುಕ ಕೇಳುತ್ತಿರುವ ಒಂದು ಕೇಂದ್ರ. ದೂರದ ದೇಶದಲ್ಲಿ ಅಣುಬಾಂಬು ಸಿಡಿಸಿದರೂ ಅದರ ಕಿವಿಗೆ ಬೀಳುತ್ತದೆ. ಇನ್ನೊಂದು 1976ರ ಸುಮಾರಿಗೆ ಕಟ್ಟಿದ ರೇಡಿಯೊ ದೂರದರ್ಶಕ, ಹೊಲದ ತುಂಬ ಬಟ್ಟೆ ಒಣಗಲು ಕಟ್ಟಿದ ತಂತಿಗಳ ಹಾಗೆ ಕಾಣುವುದು. ಸೂರ್ಯನನ್ನೂ, ಸಿಡಿದು ಸತ್ತ ನಕ್ಷತ್ರಗಳ ಅವಶೇಷವನ್ನೂ ಅದು ಆಲಿಸುತ್ತದೆ. ನಮ್ಮ ಜನಕ್ಕೆ ಅದರ ಬಗ್ಗೆ ಇರುವ ಒಂದೇ ಕುತೂಹಲ, ಅಲ್ಲಿ ಬೋರ್‌ವೆಲ್ ನೀರು ಸಿಹಿಯೋ ಸಪ್ಪೆಯೋ ಎಂಬುದು.

ಆ ಕುತೂಹಲಕ್ಕೆ ನಗುವಂತಿಲ್ಲ. ನಿಜವಾದ ಭಯ ಇರುವುದು ಅಲ್ಲೇ. ಪಿನಾಕಿನಿಯ ಮರಳಲ್ಲಿ ಮೊಳಕೈ ಆಳ ತೋಡಿದರೆ ಒರತೆಯ ನೀರು ಬರುತ್ತಿತ್ತು. ಮೊದಲು ಕದಡಿದ್ದು, ಎರಡು ಬೊಗಸೆ ಚೆಲ್ಲಿದ ಮೇಲೆ ತಿಳಿ. ಈಗ ಮರಳೇ ಇಲ್ಲ, ಜಾಲಿ ಇದೆ. ಕೊಳವೆಬಾವಿ ಸಾವಿರ ಅಡಿ ದಾಟಿದೆ, ಬರುವ ನೀರಿನಲ್ಲಿ ಫ್ಲೋರೈಡು. ಬೆಂಗಳೂರು ಮಿಂದು ಬಿಟ್ಟ ನೀರನ್ನು ಶುದ್ಧಿ ಮಾಡಿ ಹೆಬ್ಬಾಳ ನಾಗವಾರ ಕಣಿವೆಯಿಂದ ಕೊಳವೆಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಾರೆ. ಕೆಲವರಿಗೆ ಅದು ಭಾಗ್ಯ, ಕೆಲವರಿಗೆ ಸಂಕಟ. ಎಲ್ಲವೂ ಅನಿತ್ಯ ಎಂಬ ಮಾತನ್ನು ನದಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಮರ ತಾನಾಗಿ ಬಿತ್ತು. ನದಿಯನ್ನು ನಾವು ಲಾರಿಯಲ್ಲಿ ಹೇರಿಕೊಂಡು ಹೋದೆವು. ಮೊದಲನೆಯದು ಅನಿತ್ಯ, ಎರಡನೆಯದು ಕಳವು. ಎರಡನ್ನೂ ಒಂದೇ ಚೀಲಕ್ಕೆ ತುಂಬುವ ವೇದಾಂತ ಕಳ್ಳನಿಗೇ ಅನುಕೂಲ.

ನಮ್ಮ ಹಳೇ ಮನೆಯ ಮಣ್ಣುಗೋಡೆಯಲ್ಲಿ ಒಂದು ಅಶ್ವತ್ಥದ ಸಸಿ ಹುಟ್ಟಿತ್ತು. ಹಕ್ಕಿ ತಂದದ್ದು. ಅಮ್ಮ ಕೀಳಲು ಬಿಡಲಿಲ್ಲ, ಕೂಲಿಯವರೂ ಮುಟ್ಟಲಿಲ್ಲ. ವರ್ಷಕ್ಕೊಂದು ಗೇಣು ಬೆಳೆದು, ಬೇರು ಗೋಡೆಯ ಒಳಗೆ ಇಳಿದು, ಕೊನೆಗೆ ಅಡುಗೆಮನೆಯ ಕಿಟಕಿಯ ಚೌಕಟ್ಟು ಓರೆಯಾಯಿತು. ಫಾಲ್ಗುಣದಲ್ಲಿ ಎಲೆ ಉದುರಿ, ಚೈತ್ರಕ್ಕೆ ತಾಮ್ರದ ಬಣ್ಣದ ಚಿಗುರು ಬಂದಾಗ ಅದರ ಮೇಲೆ ಸಿಟ್ಟು ಮಾಡಿಕೊಳ್ಳಲಾಗುತ್ತಿರಲಿಲ್ಲ. ಗಾಳಿಯೇ ಇಲ್ಲದ ಮಧ್ಯಾಹ್ನಗಳಲ್ಲೂ ಆ ಎಲೆಗಳು ಅಲುಗುತ್ತಿದ್ದವು. ತೊಟ್ಟು ಉದ್ದ, ತೆಳು, ಅದಕ್ಕೆ. ಅಮ್ಮ ಹೋದ ಮೇಲೆ ಅಣ್ಣತಮ್ಮಂದಿರು ಮನೆ ಕೆಡವಿ ಭಾಗ ಮಾಡಿಕೊಂಡೆವು. ಜೆಸಿಬಿಗೆ ಪಾಪಪ್ರಜ್ಞೆ ಇಲ್ಲ, ಅರ್ಧ ದಿನದಲ್ಲಿ ಮುಗಿಸಿತು. ಆ ಜಾಗದಲ್ಲಿ ಈಗ ಮೂರಂತಸ್ತಿನ ಆರ್‌ಸಿಸಿ ಕಟ್ಟಡ. ಹೋದ ತಿಂಗಳು ಎರಡನೇ ಅಂತಸ್ತಿನ ಸಜ್ಜೆಯ ಪಕ್ಕ, ನೀರಿನ ಪೈಪು ಗೋಡೆ ಸೇರುವ ಸಂದಿಯಲ್ಲಿ, ಎರಡು ಎಲೆ ಕಂಡೆ. ಹೃದಯದ ಆಕಾರ, ತುದಿಗೆ ಬಾಲ. ಬಾಡಿಗೆಗಿರುವ ಹುಡುಗ, ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವವನು, "ಅಂಕಲ್, ಇದನ್ನ ಕೀಳಬಹುದಾ?" ಎಂದು ಕೇಳಿದ. ಅವನು ಕೇಳಿದ್ದೇ ನನಗೆ ಆಶ್ಚರ್ಯ. ಕೇಳದೆ ಕೀಳುವ ಕಾಲ ಎಂದುಕೊಂಡಿದ್ದೆ.

ಏನು ಹೇಳಬೇಕೆಂದು ತೋಚದೆ, ಮಳೆ ಬೀಳಲಿ, ಬೇರು ಸಮೇತ ತೆಗೆದು ಕೆರೆ ಏರಿಯ ಮೇಲೆ ನೆಡೋಣ ಎಂದಿದ್ದೇನೆ. ಅವನು ತಲೆಯಾಡಿಸಿದ್ದಾನೆ. ಇಬ್ಬರಲ್ಲಿ ಯಾರು ಮರೆಯುತ್ತೇವೋ ನೋಡಬೇಕು.

ಈ ಸಲ ಮೊಮ್ಮಗನನ್ನೂ ವಿದುರಾಶ್ವತ್ಥಕ್ಕೆ ಕರೆದೊಯ್ಯುತ್ತೇನೆ. ಹುತಾತ್ಮರ ಸ್ಮಾರಕ ಮೊದಲೋ ನಾಗರಕಲ್ಲು ಮೊದಲೋ ಎಂದು ಕೇಳಿದ್ದಾನೆ. ಒಂದೇ ಕಡೆ ಇವೆ, ಯಾವುದು ಮೊದಲಾದರೂ ಸರಿ ಎಂದಿದ್ದೇನೆ. ನೀವೂ ಬರುವುದಾದರೆ ಏಪ್ರಿಲ್ 25ಕ್ಕೇ ಬನ್ನಿ, ಒಂದು ಬಾಟಲಿ ನೀರು ಹಿಡಿದು ಬೆಳಿಗ್ಗೆ ಹತ್ತರೊಳಗೆ ಬನ್ನಿ. ಹನ್ನೊಂದರ ಮೇಲೆ ನೆಲ ಕಾಯುತ್ತದೆ, ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ.